ಮರಳಿ ಬಾರದ ವಿಮಾನದ ಲಾಂಛನಗಳು

ಇತಿಹಾಸವನ್ನು ಓದುವವರಿಗೆ ಲಾಂಛನವೆಂಬುದು ಅಪರಿಚಿತವಾದ ವಿಷಯವಲ್ಲ. ಬಾದಾಮಿಯ ಚಾಲುಕ್ಯರಿಗೆ ವರಾಹ, ಕದಂಬರಿಗೆ ಸಿಂಹ, ರಾಷ್ಟ್ರಕೂಟರಿಗೆ ಗರುಡ. ನಮ್ಮ ತುಳುನಾಡನ್ನು ಬಹುಕಾಲ ಆಳಿದ ಆಳುಪರ ನಾಣ್ಯಗಳ ಮೇಲೆ ಜೋಡಿಮೀನು. ಶಾಸನದ ಅಕ್ಷರಗಳು ಸವೆದುಹೋಗಿದ್ದರೂ ಮೇಲುಭಾಗದ ಲಾಂಛನವೊಂದು ಉಳಿದಿದ್ದರೆ ಅದು ಯಾವ ವಂಶದ್ದೆಂದು ವಿಚಾರಿಸಲು ದಾರಿಯಾಗುತ್ತದೆ. ರಣರಂಗದಲ್ಲಿಯಂತೂ ಅದು ಬರಿಯ ಅಲಂಕಾರವಲ್ಲ. ಧೂಳೆದ್ದ ಕಾಳಗದಲ್ಲಿ ತನ್ನವರಾರು, ಪರರಾರು ಎಂಬುದನ್ನು ದೂರದಿಂದಲೇ ತಿಳಿಸಿ ಪ್ರಾಣವನ್ನುಳಿಸುವ ಸಾಧನ. ಅರ್ಜುನನು ಕಪಿಧ್ವಜನೆಂದೂ ಕೌರವನು ಫಣಿಕೇತನನೆಂದೂ ನಮ್ಮ ಕವಿಗಳ ಬಾಯಲ್ಲಿ ನೆಲೆಸಿರುವುದು ಈ ಕಾರಣದಿಂದಲೇ. ವೀರನನ್ನು ಅವನ ಹೆಸರಿಗಿಂತ ಮೊದಲು ಅವನ ಧ್ವಜವೇ ಪರಿಚಯಿಸುತ್ತಿದ್ದಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಪದ್ಧತಿ ಆಕಾಶಕ್ಕೇರಿತು. ರಥದ ಪತಾಕೆಯ ಸ್ಥಾನದಲ್ಲಿ ವಿಮಾನದ ರೆಕ್ಕೆಯ ಮೇಲಿನ ವೃತ್ತಲಾಂಛನ, ಬಾಲದ ಮೇಲಿನ ಪಟ್ಟೆಗಳು, ಒಡಲಿನ ಮೇಲಿನ ಸಂಖ್ಯೆ, ಮೂತಿಯ ಮೇಲಿನ ಪಡೆಯ ಚಿಹ್ನೆ ಇವು ಬಂದುವು. ಒಬ್ಬ ವೈಮಾನಿಕನ ವಿಮಾನವು ಒಂದು ನಿರ್ದಿಷ್ಟ ದಿನ ಹೇಗೆ ಕಾಣಿಸುತ್ತಿದ್ದಿತು ಎಂಬುದನ್ನು ಸಾಕ್ಷ್ಯಾಧಾರಗಳಿಂದ ಮತ್ತೆ ಕಟ್ಟಿಕೊಳ್ಳುವುದು ಪಾಶ್ಚಾತ್ಯ ದೇಶಗಳಲ್ಲಿ ಈಗ ಒಂದು ಪ್ರತ್ಯೇಕವಾದ ವ್ಯಾಸಂಗವೇ ಆಗಿ ಬೆಳೆದಿದೆ. ನಮ್ಮಲ್ಲಿ ಇದನ್ನು ಹುಡುಗರ ಆಟವೆಂದು ತಳ್ಳಿಬಿಡುವವರೇ ಹೆಚ್ಚು. ಕೆಲವು ತಿಂಗಳ ಹಿಂದಿನವರೆಗೆ ನಾವೂ ಆ ಗುಂಪಿಗೇ ಸೇರಿದ್ದೆವೆಂದು ಒಪ್ಪಿಕೊಳ್ಳಬೇಕು.

ಅಭಿಪ್ರಾಯವು ಬದಲಾದುದಕ್ಕೆ ಕಾರಣವಾದ ಪ್ರಸಂಗವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಗಳು ಇತಿಹಾಸ ಪ್ರದರ್ಶನಕ್ಕೆ ಪ್ರತಿವರ್ಷವೂ ಏನಾದರೊಂದನ್ನು ತಮ್ಮ ಕೈಯಿಂದ ಮಾಡಿ ತರುತ್ತಾರೆ. ಹಿಂದಿನ ವರ್ಷಗಳಲ್ಲಿ ಸಾವಿರ ಕಂಬದ ಬಸದಿ, ವೇಣೂರಿನ ಗೊಮ್ಮಟ, ಜಮಾಲಾಬಾದಿನ ಕೋಟೆ ಇವೆಲ್ಲ ಆಗಿಹೋಗಿದ್ದುವು. 2025ರ ಜನವರಿಯಲ್ಲಿ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರವು ತೆರೆ ಕಂಡಿತು; 1965ರ ಯುದ್ಧದ ಒಂದು ಘಟನೆಯಿಂದ ಪ್ರೇರಿತವಾದ ಆ ಚಿತ್ರದಲ್ಲಿ ಪಾತ್ರಗಳ ಹೆಸರುಗಳು ಬದಲಾಗಿದ್ದುವು. ಮೂಲವ್ಯಕ್ತಿ ನಮ್ಮ ನೆರೆಯ ಕೊಡಗಿನವರೆಂದು ತಿಳಿದ ಕೂಡಲೆ ವಿದ್ಯಾರ್ಥಿಗಳು ಅವರ ವಿಮಾನದ ಮಾದರಿಯನ್ನೇ ಮಾಡುವೆವೆಂದು ಹೊರಟರು. ಆ ವ್ಯಕ್ತಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು. ಬಿದಿರು, ಪ್ಲೈವುಡ್, ತಗಡುಗಳಿಂದ ಒಡಲನ್ನು ಕಟ್ಟುವುದು ಕಷ್ಟವಾಗಲಿಲ್ಲ. ಬಣ್ಣವನ್ನು ಬಳಿಯುವ ಘಟ್ಟಕ್ಕೆ ಬಂದಾಗ ತೊಡಕು ಆರಂಭವಾಯಿತು. ಆ ತೊಡಕನ್ನು ಬಿಡಿಸುತ್ತ ಹೋದಾಗ ದೊರೆತ ವಿಚಾರಗಳು ಇತಿಹಾಸವನ್ನು ಬೋಧಿಸುವ ಇತರರಿಗೂ ಉಪಯೋಗಕ್ಕೆ ಬಂದಾವೆಂದು ಇಲ್ಲಿ ಬರೆದಿಡುತ್ತಿದ್ದೇವೆ.

ಮೊದಲು ಒಂದು ಪದದ ವಿಚಾರ. ವಿದ್ಯಾರ್ಥಿಗಳು ತಮ್ಮ ಫಲಕದ ಮೇಲೆ ದೇವಯ್ಯನವರನ್ನು ‘ಏಸ್’ ಎಂದು ಬರೆದುಕೊಂಡು ಬಂದಿದ್ದರು. ಈ ಪದವು ಇಸ್ಪೀಟಿನ ಎಕ್ಕವೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ಬಿರುದು, ಐದು ಅಥವಾ ಹೆಚ್ಚು ಶತ್ರುವಿಮಾನಗಳನ್ನು ಆಕಾಶದಲ್ಲಿ ಗೆದ್ದವನಿಗೆ ಸಲ್ಲುವುದೆಂಬ ರೂಢಿ ಅಲ್ಲಿಂದ ಇತರ ದೇಶಗಳಿಗೂ ಹಬ್ಬಿತು. ಆ ಯುದ್ಧದಲ್ಲಿ ಈ ಅಳತೆಗೆ ನಿಲ್ಲುವ ಭಾರತೀಯರು ಒಬ್ಬರೇ: 1898ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಇಂದ್ರಲಾಲ್ ರಾಯ್. ಬ್ರಿಟಿಷರ 40ನೆಯ ಸ್ಕ್ವಾಡ್ರನ್ನಿನಲ್ಲಿದ್ದ ಅವರು 1918ರ ಜುಲೈ 6ರಿಂದ 19ರವರೆಗಿನ ಅಲ್ಪಕಾಲದಲ್ಲಿ ಹತ್ತು ಜಯಗಳನ್ನು ಪಡೆದು, ಅದೇ ತಿಂಗಳ 22ರಂದು, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಮಡಿದರು. ದೇವಯ್ಯನವರ ಲೆಕ್ಕದಲ್ಲಿರುವುದು ಒಂದೇ ಜಯ. ಆದುದರಿಂದ ಕಟ್ಟುನಿಟ್ಟಾಗಿ ನೋಡಿದರೆ ಅವರಿಗೆ ಆ ಬಿರುದು ಸಲ್ಲುವುದಿಲ್ಲ. ಫಲಕದಿಂದ ಪದವನ್ನು ತೆಗೆಸಿದೆವು. ವಿದ್ಯಾರ್ಥಿಗಳಿಗೆ ಇದು ರುಚಿಸಲಿಲ್ಲ. ಆದರೆ ಆ ಒಂದು ಜಯವು ಎಂತಹುದೆಂಬುದನ್ನು ತಿಳಿದ ಮೇಲೆ ಬಿರುದಿನ ಆಸೆಯನ್ನು ಅವರೇ ಬಿಟ್ಟರು.

ದೇವಯ್ಯನವರು ಜನಿಸಿದುದು 1932ರಲ್ಲಿ. 1954ರಲ್ಲಿ ಭಾರತೀಯ ವಾಯುಪಡೆಯನ್ನು ವೈಮಾನಿಕರಾಗಿ ಸೇರಿ, ತರುಣರಿಗೆ ವಿಮಾನ ನಡೆಸುವುದನ್ನು ಕಲಿಸುವ ಶಿಕ್ಷಕರೂ ಆಗಿದ್ದರು. 1965ರ ಯುದ್ಧದಲ್ಲಿ ಅವರು ಇದ್ದುದು 1ನೆಯ ಸ್ಕ್ವಾಡ್ರನ್ನಿನಲ್ಲಿ. ‘ಟೈಗರ್ಸ್’ ಎಂಬ ಹೆಸರಿನ ಈ ಪಡೆಯು 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ಸ್ಥಾಪಿತವಾದುದು. ನಮ್ಮ ವಾಯುಪಡೆಯ ಸ್ಕ್ವಾಡ್ರನ್ನುಗಳಲ್ಲೆಲ್ಲ ಹಿರಿಯದು. 1965ರಲ್ಲಿ ಅದರ ಬಳಿಯಿದ್ದುದು ಫ್ರಾನ್ಸಿನ ದಸ್ಸೋ ಕಾರ್ಖಾನೆಯ ‘ಮಿಸ್ಟೇರ್ 4ಎ’ ಎಂಬ ಜೆಟ್ ವಿಮಾನ. 1957ರಿಂದ ನಮ್ಮ ದೇಶಕ್ಕೆ ಬರತೊಡಗಿದ ಈ ವಿಮಾನದಲ್ಲಿ 30 ಮಿಲಿಮೀಟರಿನ ಎರಡು ತೋಪುಗಳಿದ್ದುವು. ಮಟ್ಟಸವಾದ ಹಾರಾಟದಲ್ಲಿ ಅದು ಶಬ್ದದ ವೇಗವನ್ನು ಮೀರಲಾರದು. ಎದುರಾಳಿಯ ‘ಸ್ಟಾರ್‌ಫೈಟರ್’ ಎಂಬ ಅಮೆರಿಕದ ವಿಮಾನವಾದರೋ ಶಬ್ದದ ಎರಡರಷ್ಟು ವೇಗದಲ್ಲಿ ಧಾವಿಸಬಲ್ಲುದು, ಕ್ಷಿಪಣಿಗಳನ್ನು ಹೊತ್ತುದು. ಇವೆರಡೂ ಆಕಾಶದಲ್ಲಿ ಸಂಧಿಸಿದರೆ ಫಲಿತಾಂಶವೇನೆಂಬುದನ್ನು ಆ ಕಾಲದ ಯಾವ ತಜ್ಞನಾದರೂ ಮೊದಲೇ ಹೇಳಿಬಿಡುತ್ತಿದ್ದನು.

1965ರ ಸೆಪ್ಟೆಂಬರ್ 6ರ ಸಾಯಂಕಾಲ ಪಾಕಿಸ್ತಾನದ ವಿಮಾನಗಳು ಪಠಾಣಕೋಟೆಯ ನೆಲೆಯ ಮೇಲೆ ಎರಗಿದ್ದುವು. ಮರುದಿನ, 7ರ ಮುಂಜಾನೆ, ಪಂಜಾಬಿನ ಆದಂಪುರದಿಂದ ವಿಂಗ್ ಕಮಾಂಡರ್ ಓಂಪ್ರಕಾಶ್ ತನೇಜರ ನಾಯಕತ್ವದಲ್ಲಿ 1ನೆಯ ಸ್ಕ್ವಾಡ್ರನ್ನಿನ ಮಿಸ್ಟೇರುಗಳು ಸರ್ಗೋಧದ ನೆಲೆಯನ್ನು ಗುರಿಯಾಗಿಟ್ಟು ಹೊರಟುವು. ನಿಯೋಜಿತವಾದವು ಹನ್ನೆರಡು. ದೇವಯ್ಯನವರು ಆ ಹನ್ನೆರಡರಲ್ಲಿ ಒಬ್ಬರಲ್ಲ, ಕಾದಿರಿಸಿದ ವೈಮಾನಿಕರಾಗಿದ್ದರು. ತಂಡದಲ್ಲಿ ಒಂದು ಸ್ಥಾನ ತೆರವಾದಾಗ ಅದನ್ನು ತುಂಬಿದರು. ಸರ್ಗೋಧದಿಂದ ಹಿಂದಿರುಗುವ ಹಾದಿಯಲ್ಲಿ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಖಾನರ ಸ್ಟಾರ್‌ಫೈಟರ್ ಅವರನ್ನು ಬೆನ್ನಟ್ಟಿತು. ಉಳಿದವರು ನೆಲೆಗೆ ಮರಳಿದರು, ದೇವಯ್ಯನವರು ಮರಳಲಿಲ್ಲ. ಅವರು ಹೇಗೆ ಬಿದ್ದರೆಂಬುದನ್ನು ಕಂಡು ಹೇಳಲು ಮರಳಿದವರಲ್ಲಿ ಯಾರೂ ಇರಲಿಲ್ಲ. ಕಾಣೆಯಾದವರೆಂಬ ಪಟ್ಟಿಯಲ್ಲಿ ಅವರ ಹೆಸರು ಸೇರಿತು.

ಹದಿನಾಲ್ಕು ವರ್ಷಗಳ ಮೇಲೆ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕನು ಆ ವಾಯುಯುದ್ಧದ ಇತಿಹಾಸವನ್ನು ಪ್ರಕಟಿಸಿದನು. ಪಾಕಿಸ್ತಾನ ವಾಯುಪಡೆಯ ನೆರವಿನಿಂದ, ಅದರ ಕಡೆಯ ಆಧಾರಗಳನ್ನು ನೋಡಿ ಬರೆದ ಗ್ರಂಥವದು. ಬೆನ್ನಟ್ಟಿದ ಸ್ಟಾರ್‌ಫೈಟರಿನ ಏಟನ್ನು ತಿಂದೂ ಒಂದು ಮಿಸ್ಟೇರ್ ತಿರುಗಿ ನಿಂತು ಕಾದಿತೆಂದೂ, ಅದರ ಗುಂಡಿನಿಂದ ಸ್ಟಾರ್‌ಫೈಟರ್ ನಾಶವಾಗಿ ಅಮ್ಜದ್ ಹುಸೇನರು ಹೊರಕ್ಕೆ ಹಾರಿ ಬದುಕಿಕೊಂಡರೆಂದೂ ಅದರಿಂದ ತಿಳಿದುಬಂದಿತು. ಆ ಮಿಸ್ಟೇರ್ ದೇವಯ್ಯನವರದಲ್ಲದೆ ಬೇರೆಯದಾಗಿರಲು ಸಾಧ್ಯವಿರಲಿಲ್ಲ. ವಿಷಯವನ್ನು ನಮ್ಮ ವಾಯುಪಡೆಯು ಪುನಃ ಪರಿಶೀಲಿಸಿತು. 1988ರಲ್ಲಿ, ಅಂದರೆ ಘಟನೆಯಾಗಿ 23 ವರ್ಷಗಳ ತರುವಾಯ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವು ಸಂದಿತು. ಅದನ್ನು ಸ್ವೀಕರಿಸಿದವರು ಅವರ ಪತ್ನಿ.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ನಮ್ಮ ಬಯಕೆ. ಒಬ್ಬ ಸಾಕ್ಷಿಯು ತನ್ನ ಪಕ್ಷಕ್ಕೆ ಅನುಕೂಲವಾದುದನ್ನು ಹೇಳಿದರೆ ಅದನ್ನು ತೂಗಿ ನೋಡಿ ಸ್ವೀಕರಿಸುತ್ತೇವೆ. ತನ್ನ ಪಕ್ಷಕ್ಕೆ ಪ್ರತಿಕೂಲವಾದುದನ್ನು ಹೇಳಿದರೆ ಅದಕ್ಕೆ ತೂಕ ಹೆಚ್ಚು. ಫ್ರಿಕರನ ಗ್ರಂಥವು ಹಲವೆಡೆಗಳಲ್ಲಿ ಪಾಕಿಸ್ತಾನದ ಕಡೆಗೆ ವಾಲುತ್ತದೆಂಬ ಆಕ್ಷೇಪವುಂಟು. ಈ ಒಂದು ಪ್ರಸಂಗದಲ್ಲಿ ಆ ವಾಲುವಿಕೆಯೇ ನಮಗೆ ಉಪಕಾರಿಯಾಯಿತು: ತಮ್ಮ ಅತ್ಯುತ್ತಮ ವಿಮಾನವೊಂದನ್ನು ಹಳೆಯ ಮಿಸ್ಟೇರೊಂದು ಕೆಡವಿತೆಂಬ ಕತೆಯನ್ನು ಯಾವ ಪಡೆಯೂ ಸುಮ್ಮನೆ ಹುಟ್ಟಿಸಲಾರದು. ನಮ್ಮ ಸೀಮೆಯ ಇತಿಹಾಸದಲ್ಲಿಯೂ ಇಂತಹುದನ್ನು ಕಂಡಿದ್ದೇವೆ. 1837ರ ಏಪ್ರಿಲಿನಲ್ಲಿ ಕಲ್ಯಾಣಪ್ಪನ ದಂಡು ಸುಳ್ಯದಿಂದ ಹೊರಟು ಬಂಟವಾಳದ ಮೇಲೆ ಹಾಯ್ದು ಮಂಗಳೂರನ್ನು ಹಿಡಿದ ವೃತ್ತಾಂತದ ಬಹುಭಾಗವನ್ನು ನಾವು ಅರಿಯುವುದು ಆ ದಂಡನ್ನು ಅಡಗಿಸಿದ ಆಂಗ್ಲರ ಕಾಗದಪತ್ರಗಳಿಂದಲೇ. ಮಂಗಳೂರಿನ ಬಾವುಟಗುಡ್ಡೆಯ ಹೆಸರಿನಲ್ಲಿ ಆ ದಂಡಿನ ಬಾವುಟದ ನೆನಪು ನಿಂತಿದೆ. ಬಾವುಟದ ಬಟ್ಟೆ ನಿಂತಿಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ಯುದ್ಧವಿಮಾನದ ಮೇಲಿನ ಗುರುತುಗಳನ್ನು ಪದರಪದರವಾಗಿ ವಿಂಗಡಿಸಿಕೊಂಡರೆ ಕೆಲಸ ಸುಲಭವಾಗುತ್ತದೆ. ತಳದಲ್ಲಿ ವಿಮಾನದ ಮೈಬಣ್ಣ. ಅದರ ಮೇಲೆ ರಾಷ್ಟ್ರದ ಗುರುತು. ಅನಂತರ ಆ ಒಂದು ವಿಮಾನಕ್ಕೇ ಸಲ್ಲುವ ಸಂಖ್ಯೆ, ಪಡೆಯ ಚಿಹ್ನೆ, ಎಲ್ಲಕ್ಕಿಂತ ಮೇಲೆ ವೈಮಾನಿಕನ ಸ್ವಂತದ ಗುರುತೇನಾದರೂ ಇದ್ದರೆ ಅದು. ಕೆಳಗಿನ ಪದರಗಳಿಗೆ ನಿಯಮವಿದೆ, ಆದುದರಿಂದ ಆಧಾರವೂ ಸುಲಭವಾಗಿ ದೊರೆಯುತ್ತದೆ. ಮೇಲೇರಿದಷ್ಟೂ ನಿಯಮ ಸಡಿಲವಾಗುತ್ತದೆ, ಕಲ್ಪನೆಗೆ ಎಡೆ ಹೆಚ್ಚುತ್ತದೆ. ಮತ್ತು ನೋಡುವವರಿಗೆ ಅತ್ಯಂತ ಪ್ರಿಯವಾದುದೂ ಆ ಮೇಲಿನ ಪದರವೇ. ಪುನಾರಚನೆಯ ಅಪಾಯವೆಲ್ಲ ಇಲ್ಲಿರುವುದು.

ರಾಷ್ಟ್ರಲಾಂಛನದ ಚರಿತ್ರೆಯು ಸ್ವತಃ ಸ್ವಾರಸ್ಯವಾಗಿದೆ. ನಮ್ಮ ವಾಯುಪಡೆಯು ಹುಟ್ಟಿದಾಗ ಅದರ ರೆಕ್ಕೆಯ ಮೇಲಿದ್ದುದು ಆಂಗ್ಲರ ಕೆಂಪು, ಬಿಳಿ, ನೀಲಿಯ ವೃತ್ತ. ಎರಡನೆಯ ಮಹಾಯುದ್ಧದಲ್ಲಿ ಬರ್ಮದ ರಣರಂಗದಲ್ಲಿ ಈ ವೃತ್ತದ ನಡುವಣ ಕೆಂಪು ಅನರ್ಥಕ್ಕೆ ಕಾರಣವಾಗತೊಡಗಿತು. ಜಪಾನೀಯರ ಲಾಂಛನವೂ ಕೆಂಪು ಸೂರ್ಯಬಿಂಬವೇ ಆಗಿದ್ದುದರಿಂದ, ಅವಸರದಲ್ಲಿ ನೋಡಿದವನಿಗೆ ಮಿತ್ರನು ಶತ್ರುವಾಗಿ ಕಾಣುವ ಸಂಭವವಿದ್ದಿತು. ಆದಕಾರಣ 1942ರಿಂದೀಚೆಗೆ ಆ ಕೆಂಪನ್ನು ತೆಗೆದುಹಾಕಿ ನೀಲಿಯ ಛಾಯೆಗಳನ್ನೂ ಬಿಳಿಯನ್ನೂ ಮಾತ್ರ ಉಳಿಸಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಕೆಲಕಾಲ ಬಿಳಿಯ ನೆಲದಲ್ಲಿ ನೀಲಿಯ ಅಶೋಕಚಕ್ರವಿದ್ದಿತು. 1950ರಿಂದ ಈಗಿನ ತ್ರಿವರ್ಣ ವೃತ್ತವು ನೆಲೆಗೊಂಡಿತು: ಹೊರಗೆ ಕೇಸರಿ, ಮಧ್ಯದಲ್ಲಿ ಬಿಳಿ, ಒಳಗೆ ಹಸಿರು. ಬಾಲದ ಮೇಲೆ ಅದೇ ಮೂರು ಬಣ್ಣಗಳ ನೆಟ್ಟನೆಯ ಪಟ್ಟೆಗಳು. ದೇವಯ್ಯನವರ ವಿಮಾನದ ಮೇಲಿದ್ದುದೂ ಇದೇ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಹೀಗೆ ನಿಯಮವನ್ನು ಮೊದಲು ತಿಳಿದುಕೊಳ್ಳುವುದೇಕೆ, ಛಾಯಾಚಿತ್ರವನ್ನು ನೋಡಿದರೆ ಸಾಲದೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಪ್ರಶ್ನೆ ಯೋಗ್ಯವಾದುದು. ಆ ಕಾಲದ ಚಿತ್ರಗಳಲ್ಲಿ ಬಹುಪಾಲು ಕಪ್ಪುಬಿಳುಪಿನವು. ಕಪ್ಪುಬಿಳುಪಿನ ಚಿತ್ರವು ಬಣ್ಣವನ್ನು ತೋರಿಸುವುದಿಲ್ಲ, ಬೆಳಕಿನ ಪ್ರಮಾಣವನ್ನು ಮಾತ್ರ ತೋರಿಸುತ್ತದೆ. ಮಾಸಿದ ಕೇಸರಿಯೂ ಗಾಢವಲ್ಲದ ಹಸಿರೂ ಅದರಲ್ಲಿ ಒಂದೇ ಬೂದುಬಣ್ಣವಾಗಿ ನಿಲ್ಲಬಹುದು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಹೋದರೆ ಮೋಸ ಇನ್ನೂ ಹೆಚ್ಚು. ಅಂದು ಬಳಕೆಯಲ್ಲಿದ್ದ ಛಾಯಾಫಲಕಗಳಲ್ಲಿ ಬಹಳಷ್ಟು ಕೆಂಪಿಗೆ ಕುರುಡು: ಕೆಂಪು ಹೆಚ್ಚುಕಡಮೆ ಕಪ್ಪಾಗಿಯೂ, ಹಳದಿ ಇರುವುದಕ್ಕಿಂತ ಗಾಢವಾಗಿಯೂ, ನೀಲಿ ತೆಳುವಾಗಿಯೂ ಮೂಡುತ್ತಿದ್ದುವು. ಜರ್ಮನಿಯ ರಿಖ್ತ್‌ಹೋಫನನ ಕೆಂಪು ವಿಮಾನದ ವಿಷಯದಲ್ಲಿ ವಿದ್ವಾಂಸರಿಗೆ ನೆರವಾದುದು ಚಿತ್ರಗಳಲ್ಲ, ಬಟ್ಟೆ. 1918ರ ಏಪ್ರಿಲ್ 21ರಂದು ಅವನು ಬಿದ್ದಾಗ ನೆರೆದ ಸೈನಿಕರು ವಿಮಾನದ ಹೊದಿಕೆಯ ತುಂಡುಗಳನ್ನು ನೆನಪಿಗಾಗಿ ಕತ್ತರಿಸಿಕೊಂಡು ಹೋದರು. ಅವುಗಳಲ್ಲಿ ಕೆಲವು ವಸ್ತುಸಂಗ್ರಹಾಲಯಗಳನ್ನು ಸೇರಿ ಬಣ್ಣಕ್ಕೆ ಸಾಕ್ಷಿಯಾಗಿ ಉಳಿದಿವೆ. ದೋಚಿದವರಿಂದಲೇ ಇತಿಹಾಸಕ್ಕೆ ಉಪಕಾರವಾಗುವುದು ಶಾಸನಗಳ ಲೋಕದಲ್ಲಿಯೂ ಅಪರೂಪವಲ್ಲ. ಇದೇ ರಿಖ್ತ್‌ಹೋಫನನನ್ನು ಮೂರು ರೆಕ್ಕೆಯ ಕೆಂಪು ವಿಮಾನದಲ್ಲಿ ಮಾತ್ರ ಜನರು ಕಲ್ಪಿಸಿಕೊಳ್ಳುತ್ತಾರೆ. ಅವನ 80 ಜಯಗಳಲ್ಲಿ ಆ ಬಗೆಯ ವಿಮಾನದಿಂದ ಬಂದುವು ಸುಮಾರು ಕಾಲುಭಾಗ ಮಾತ್ರ. ಪ್ರಸಿದ್ಧವಾದ ಒಂದು ಚಿತ್ರವು ಉಳಿದ ಸತ್ಯವನ್ನೆಲ್ಲ ಮರೆಸಿಬಿಡುತ್ತದೆ.

ಮಿಸ್ಟೇರಿನ ಮೈಬಣ್ಣದ ವಿಚಾರದಲ್ಲಿ ನಮಗೆ ಹೆಚ್ಚು ಶ್ರಮವಾಗಲಿಲ್ಲ. ಬಣ್ಣವೇ ಇಲ್ಲದಿರುವುದು ಅದರ ವೈಶಿಷ್ಟ್ಯ. ಶಾಂತಿಕಾಲದ ಚಿತ್ರಗಳಲ್ಲಿ ನಮ್ಮ ಮಿಸ್ಟೇರುಗಳು ಬಣ್ಣ ಬಳಿಯದ ಲೋಹದ ಮೈಯಲ್ಲಿ ಥಳಥಳಿಸುತ್ತವೆ. ಆದರೆ 1965ರ ಯುದ್ಧಕಾಲದಲ್ಲಿ ನಮ್ಮ ಹಲವು ವಿಮಾನಗಳಿಗೆ ಮರೆಬಣ್ಣವನ್ನು ಬಳಿದರು. ಆದುದರಿಂದ ‘ಮಿಸ್ಟೇರ್ ಹೀಗಿರುತ್ತಿದ್ದಿತು’ ಎಂಬ ಮಾತು ಬೇರೆ, ‘ಈ ಮಿಸ್ಟೇರ್ ಆ ಮುಂಜಾನೆ ಹೀಗಿದ್ದಿತು’ ಎಂಬ ಮಾತು ಬೇರೆ. ಎರಡನೆಯದನ್ನು ಹೇಳಬೇಕಾದರೆ ದಿನಾಂಕವುಳ್ಳ ಚಿತ್ರವೋ ದಾಖಲೆಯೋ ಕೈಯಲ್ಲಿರಬೇಕು. ನಾವು ಲೋಹದ ಮೈಯನ್ನೇ ಆರಿಸಿಕೊಂಡು, ಇದು ಆ ಬಗೆಯ ವಿಮಾನದ ಸಾಮಾನ್ಯ ರೂಪವೆಂದು ಫಲಕದಲ್ಲಿ ಸ್ಪಷ್ಟಪಡಿಸಿದೆವು.

ಅಳತೆಯ ವಿಧಾನವನ್ನು ಸ್ವಲ್ಪ ವಿವರಿಸಬಹುದು, ಏಕೆಂದರೆ ವೀರಗಲ್ಲಿನ ಅಥವಾ ದೇವಾಲಯದ ರೇಖಾಚಿತ್ರವನ್ನು ಬರೆಯುವವರಿಗೂ ಇದು ಪ್ರಯೋಜನಕರ. ಮಿಸ್ಟೇರಿನ ಉದ್ದ 12.85 ಮೀಟರು; ರೆಕ್ಕೆಯ ತುದಿಯಿಂದ ತುದಿಗೆ 11.12 ಮೀಟರು. ವಿಮಾನವು ಸರಿಯಾಗಿ ಪಕ್ಕಕ್ಕೆ ಕಾಣುವ ಚಿತ್ರವೊಂದನ್ನು, ಮೂತಿಯಿಂದ ಬಾಲದವರೆಗೆ 257 ಮಿಲಿಮೀಟರು ಆಗುವಷ್ಟು ಹಿಗ್ಗಿಸಿದರೆ, ಅದು ನಿಜವಾದ ಅಳತೆಯ ಐವತ್ತರಲ್ಲಿ ಒಂದು ಪಾಲಾಗುತ್ತದೆ. ಚಿತ್ರದ ಮೇಲಿನ ಒಂದು ಮಿಲಿಮೀಟರು ನಿಜದಲ್ಲಿ ಐದು ಸೆಂಟಿಮೀಟರು. ನಮ್ಮ ಮಾದರಿಯು ಹತ್ತರಲ್ಲಿ ಒಂದು ಪಾಲಿನದು, ಅಂದರೆ ಸುಮಾರು 1.28 ಮೀಟರು ಉದ್ದದ್ದು. ಆದುದರಿಂದ ಚಿತ್ರದಲ್ಲಿ ಅಳೆದುದನ್ನು ಐದರಿಂದ ಗುಣಿಸಿದರೆ ಸಾಕು. ಚಿತ್ರವು ಓರೆಯಾಗಿದ್ದರೆ ವೃತ್ತವು ಮೊಟ್ಟೆಯಾಕಾರವಾಗಿ ಕಾಣುತ್ತದೆ. ಆಗ ಅದರ ನೀಳವಾದ ವ್ಯಾಸವನ್ನು ಹಿಡಿಯಬೇಕು, ಕಿರಿದಾದುದನ್ನಲ್ಲ. ಒಡಲಿನ ಅಳತೆಯಿಂದ ರೆಕ್ಕೆಯ ಮೇಲಿನ ವೃತ್ತವನ್ನು ನಿರ್ಣಯಿಸಲಾಗದು, ಏಕೆಂದರೆ ಕ್ಯಾಮೆರಾಕ್ಕೆ ಸಮೀಪದಲ್ಲಿರುವುದು ಇರುವುದಕ್ಕಿಂತ ದೊಡ್ಡದಾಗಿ ಮೂಡುತ್ತದೆ. ಈ ಎಚ್ಚರಗಳನ್ನು ಮರೆತ ನಮ್ಮ ಮೊದಲನೆಯ ಪ್ರಯತ್ನದಲ್ಲಿ ವೃತ್ತವು ರೆಕ್ಕೆಯ ಅಂಚನ್ನೇ ಮೀರಿ ಹೊರಬಂದುದುಂಟು.

ಬಣ್ಣದ ಕೆಲಸಕ್ಕೆ ಬಂಟವಾಳದಲ್ಲಿ ಬಸ್ಸು, ಲಾರಿಗಳಿಗೆ ಹೆಸರು ಬರೆಯುವ ಹಿರಿಯ ಚಿತ್ರಗಾರರೊಬ್ಬರ ಸಹಾಯವನ್ನು ಪಡೆದೆವು. ಅಕ್ಷರಗಳನ್ನು ತಗಡಿನಲ್ಲಿ ಕೊರೆದು ಅಚ್ಚು ಮಾಡಿಕೊಳ್ಳುವುದನ್ನು ಅವರು ವಿದ್ಯಾರ್ಥಿಗಳಿಗೆ ಕಲಿಸಿದರು. ‘ಕೇಸರಿ ಎಂದರೆ ಯಾವ ಕೇಸರಿ, ಮಾಸ್ಟ್ರೆ?’ ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ರಾಷ್ಟ್ರಧ್ವಜದ ವರ್ಣಗಳಿಗೆ 1951ರಲ್ಲಿಯೇ ಭಾರತೀಯ ಮಾನಕವು ಹೊರಟಿದೆ. ಅದು ಬಟ್ಟೆಗೆ ಹೇಳಿದುದೇ ಹೊರತು ಲೋಹದ ಮೇಲಿನ ಬಣ್ಣಕ್ಕಲ್ಲ. ಆದರೂ ಅಂಗಡಿಯ ಡಬ್ಬದ ಮೇಲಿನ ಹೆಸರಿಗಿಂತ ಅದು ಮೇಲೆಂದು ಅದನ್ನನುಸರಿಸಿ ಬಣ್ಣವನ್ನು ಬೆರಸಿಕೊಂಡೆವು.

ಸಂಖ್ಯೆಯ ವಿಷಯದಲ್ಲಿ ನಾವು ಬಹುಮಟ್ಟಿಗೆ ತಪ್ಪಿನ ಬಾಗಿಲಿಗೇ ಹೋಗಿ ಮರಳಿದೆವು. ನಮ್ಮ ಮಿಸ್ಟೇರುಗಳ ಸಂಖ್ಯೆಯ ಹಿಂದೆ ‘ಐಎ’ ಎಂಬ ಎರಡು ರೋಮನ್ ಅಕ್ಷರಗಳಿರುತ್ತಿದ್ದುವು. ಒಬ್ಬ ವಿದ್ಯಾರ್ಥಿಯು ದೆಹಲಿಯ ಪಾಲಂ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿರುವ ಮಿಸ್ಟೇರಿನ ಸೊಗಸಾದ ವರ್ಣಚಿತ್ರವನ್ನು ಸಂಪಾದಿಸಿ, ಅದರ ಮೇಲಿದ್ದ ಸಂಖ್ಯೆಗೆ ಅಚ್ಚನ್ನು ಕೊರೆಸಿಯೂ ಆಗಿದ್ದಿತು. ಚಿತ್ರ ನಿಜ, ವಿಮಾನ ನಿಜ, ಸಂಖ್ಯೆಯೂ ನಿಜ. ಆದರೆ ಪಾಲಮ್ಮಿನಲ್ಲಿರುವುದು ಉಳಿದುಬಂದ ವಿಮಾನ; ದೇವಯ್ಯನವರದು ಬಾರದೆ ಹೋದ ವಿಮಾನ. ಉಳಿದುದರ ಹೆಸರನ್ನು ಅಳಿದುದಕ್ಕೆ ಬರೆಯುವುದೆಂದರೆ ಒಬ್ಬರ ವೀರಗಲ್ಲಿನ ಮೇಲೆ ಇನ್ನೊಬ್ಬರ ಹೆಸರನ್ನು ಕೆತ್ತಿದಂತೆ. ಮೇಲಾಗಿ, ಬಯಲಿನಲ್ಲಿ ನಿಲ್ಲಿಸಿದ ವಿಮಾನಗಳಿಗೆ ಬಿಸಿಲುಮಳೆಗಳಿಂದ ರಕ್ಷಿಸಲು ಮೇಲಿಂದ ಮೇಲೆ ಬಣ್ಣ ಬಳಿಯುವುದುಂಟು. ಆ ಬಣ್ಣ ಬಳಿದವನು ಹಿಂದಿನದನ್ನು ಹಾಗೆಯೇ ಉಳಿಸಿದನೆಂಬ ಭರವಸೆಯಿಲ್ಲ. ಸುಣ್ಣ ಬಳಿದ ಬಸದಿಯ ಗೋಡೆಯಲ್ಲಿ ಮೂಲದ ವರ್ಣವನ್ನು ಹುಡುಕುವವರಿಗೆ ಈ ಸಂಕಟವು ಚೆನ್ನಾಗಿ ಗೊತ್ತು.

ಪಡೆಯ ಚಿಹ್ನೆಯಾದ ಹುಲಿಯ ಕತೆ ಇನ್ನೊಂದು ಬಗೆ. ಬೆಳ್ತಂಗಡಿ ಕಡೆಯ ವಿದ್ಯಾರ್ಥಿಯೊಬ್ಬನು ಅತ್ಯುತ್ಸಾಹದಿಂದ ಬರೆದು ತಂದ ಹುಲಿ ನೋಡಲು ಬಹಳ ಚೆಲುವಾಗಿದ್ದಿತು. ಆದರೆ ಅದು ನವರಾತ್ರಿಯ ಹುಲಿವೇಷದ ಹುಲಿ. ಹಳದಿಯ ಮೈ, ಹಣೆಯ ಪಟ್ಟೆ, ಹೊರಚಾಚಿದ ನಾಲಗೆ ಎಲ್ಲವೂ ನಮ್ಮೂರಿನವು. ನಾವು ಕಾಣದುದನ್ನು ಬರೆಯಹೊರಟಾಗ ಕಂಡುದನ್ನೇ ಬರೆಯುತ್ತೇವೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಸಿಕ್ಕಲಾರದು. ಆ ಚಿತ್ರವನ್ನು ಬಿಸಾಡಲು ಮನಸ್ಸು ಬಾರದೆ ಪ್ರದರ್ಶನದ ಬಾಗಿಲಿಗೆ ತೂಗುಹಾಕಿದೆವು. ಮಾದರಿಯ ಮೇಲೆ ಹಾಕಲಿಲ್ಲ.

ಕಡೆಯದಾಗಿ, ಜಯದ ಗುರುತು. ಎರಡನೆಯ ಮಹಾಯುದ್ಧದಲ್ಲಿ ಅನೇಕ ದೇಶಗಳ ವೈಮಾನಿಕರು, ತಾವು ಕೆಡವಿದ ಪ್ರತಿಯೊಂದು ವಿಮಾನಕ್ಕೆ ಒಂದರಂತೆ ಶತ್ರುವಿನ ಪುಟ್ಟ ಧ್ವಜವನ್ನೋ ಶಿಲುಬೆಯನ್ನೋ ತಮ್ಮ ಆಸನದ ಪಕ್ಕದಲ್ಲಿ ಬರೆಯಿಸಿಕೊಳ್ಳುತ್ತಿದ್ದರು. ನಮ್ಮ ವಿದ್ಯಾರ್ಥಿಗಳೂ ಮಿಸ್ಟೇರಿನ ಪಕ್ಕದಲ್ಲಿ ಅಂತಹ ಒಂದು ಗುರುತನ್ನು ಬರೆಯಬೇಕೆಂದು ಪಟ್ಟು ಹಿಡಿದರು. ಇದರ ಮೇಲೆ ನಡೆದ ಚರ್ಚೆ ಎರಡು ಮಧ್ಯಾಹ್ನಗಳನ್ನು ನುಂಗಿತು. ಅದು ಅಲ್ಲಿ ಇರಲಿಲ್ಲವೆಂಬುದಕ್ಕೆ ದಾಖಲೆಯೇ ಬೇಕಿಲ್ಲ. ಜಯದ ಗುರುತನ್ನು ಬರೆಯಬೇಕಾದರೆ ವಿಮಾನವು ನೆಲೆಗೆ ಮರಳಬೇಕು, ವೈಮಾನಿಕನು ಇಳಿದು ವರದಿಯನ್ನೊಪ್ಪಿಸಬೇಕು, ವರದಿಯು ದೃಢಪಡಬೇಕು. ಇಲ್ಲಿ ಮೊದಲನೆಯದೇ ನಡೆಯಲಿಲ್ಲ. ಜಯವೂ ಮರಣವೂ ಒಂದೇ ಆಕಾಶದಲ್ಲಿ ನಡೆದುಹೋದುವು. ನಡೆದುದು ಲೋಕಕ್ಕೆ ತಿಳಿಯುವ ಹೊತ್ತಿಗೆ ಆ ಲೋಹವು ಹದಿನಾಲ್ಕು ವರ್ಷಗಳಿಂದ ಪರದೇಶದ ಮಣ್ಣಿನಲ್ಲಿದ್ದಿತು.

‘ಸರ್, ವೀರಗಲ್ಲಿನ ಮೇಲೆ ಅಪ್ಸರೆಯರನ್ನು ಕೆತ್ತುವುದಿಲ್ಲವೇ? ಅವರನ್ನು ಯಾರು ಕಂಡಿದ್ದರು?’ ಎಂದು ಆ ವಿದ್ಯಾರ್ಥಿನಿಯೇ ಮತ್ತೆ ಕೇಳಿದಳು. ಒಳ್ಳೆಯ ಪೆಟ್ಟು. ಒಂದು ದಿನ ಯೋಚಿಸಿ ಉತ್ತರ ಹೇಳಬೇಕಾಯಿತು. ಮೂರು ಅಂಕಣಗಳ ವೀರಗಲ್ಲಿನಲ್ಲಿ ಕೆಳಗಿನದು ಕಾಳಗ, ನಡುವಣದು ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲಿನದು ದೇವಸನ್ನಿಧಿ. ಶಿಲ್ಪಿಯು ಈ ಮೂರನ್ನೂ ಬೆರಸುವುದಿಲ್ಲ; ನಡುವೆ ಪಟ್ಟಿಕೆಯನ್ನೆಳೆದು ಬೇರೆಬೇರೆಯಾಗಿ ಇಡುತ್ತಾನೆ. ಊರು ಕಂಡುದು ಕೆಳಗೆ, ಊರು ನಂಬಿದುದು ಮೇಲೆ. ವೀರನು ಬದುಕಿದ್ದಾಗ ಆ ಕಲ್ಲನ್ನು ಹೊತ್ತುಕೊಂಡು ಕಾದಿದನೆಂದು ಯಾವ ಶಿಲ್ಪಿಯೂ ಹೇಳುವುದಿಲ್ಲ. ಅದು ಉಳಿದವರು ಅವನಿಗೆ ನಿಲ್ಲಿಸಿದ ಕಲ್ಲು. ಮಹಾವೀರ ಚಕ್ರವೂ ಹಾಗೆಯೇ, ಮಡಿಕೇರಿಯಲ್ಲಿ ಅವರ ಹೆಸರನ್ನು ಹೊತ್ತಿರುವ ವೃತ್ತವೂ ಹಾಗೆಯೇ. ಅವುಗಳ ಸ್ಥಳ ಪೀಠದ ಮೇಲೆ, ವಿಮಾನದ ಮೈಮೇಲಲ್ಲ. ವಿಮಾನದ ಮೇಲೆ ಒಂದು ಜಯದ ಗುರುತನ್ನು ಬರೆದೆವಾದರೆ, ಅದನ್ನು ಕಂಡ ಮಗುವಿಗೆ ಅವರು ಗೆದ್ದುಬಂದರೆಂದು ತೋರುತ್ತದೆ. 23 ವರ್ಷಗಳ ಕಾಲ ಒಂದು ಮನೆಯವರು ಏನೆಂದು ತಿಳಿಯದೆ ಕಾದುದು ಆ ಒಂದು ಕುಂಚದ ಗೀಟಿನಲ್ಲಿ ಅಳಿಸಿಹೋಗುತ್ತದೆ.

ಅವಳು ಒಪ್ಪಿದಳೋ ಸುಮ್ಮನಾದಳೋ ತಿಳಿಯದು. ಕೆಲಸವು ಮಾತ್ರ ಮುಂದುವರಿಯಿತು. ಶಾಸನವನ್ನು ಸಂಪಾದಿಸುವವರು ಅಳಿದ ಅಕ್ಷರಗಳನ್ನು ತಾವು ತುಂಬಿದಾಗ ಕಂಸದೊಳಗಿಡುತ್ತಾರೆ, ತುಂಬಲಾಗದ ಎಡೆಯಲ್ಲಿ ಚುಕ್ಕೆಗಳನ್ನಿಡುತ್ತಾರೆ. ಮೂಡುಬಿದಿರೆಯ ಶಾಸನಪಾಠಗಳನ್ನು ತರಗತಿಯಲ್ಲಿ ಓದುವಾಗ ವಿದ್ಯಾರ್ಥಿಗಳು ಬೇಸರಿಸುವುದು ಈ ಕಂಸಗಳನ್ನು ಕಂಡೇ. ಅದೇ ಕ್ರಮವನ್ನು ನಮ್ಮ ಮಾದರಿಗೂ ಅನ್ವಯಿಸಿದೆವು. ರಾಷ್ಟ್ರದ ವೃತ್ತಗಳನ್ನೂ ಬಾಲದ ಪಟ್ಟೆಗಳನ್ನೂ ‘ಐಎ’ ಎಂಬ ಅಕ್ಷರಗಳನ್ನೂ ಪೂರ್ಣವಾಗಿ ಬಣ್ಣದಲ್ಲಿ ತುಂಬಿದೆವು. ಹುಲಿಯ ಸ್ಥಳದಲ್ಲಿ ಪೆನ್ಸಿಲಿನ ತೆಳುವಾದ ಹೊರಗೆರೆ. ಅಕ್ಷರಗಳ ಮುಂದೆ, ಅಂಕಿಗಳು ಬರಬೇಕಾದೆಡೆಯಲ್ಲಿ, ಲೋಹವನ್ನು ಬರಿದಾಗಿಯೇ ಬಿಟ್ಟೆವು. ವೀರಗಲ್ಲಿನ ಮೇಲಣ ಅಂಕಣದಂತೆ ಹಿಂಬದಿಯ ಗೋಡೆಯಲ್ಲಿ ಒಂದು ಫಲಕವನ್ನು ನಿಲ್ಲಿಸಿ 1965, 1979, 1988 ಎಂಬ ಮೂರು ವರ್ಷಗಳನ್ನೂ ಅವುಗಳಲ್ಲಿ ನಡೆದುದನ್ನೂ ಬರೆದೆವು.

ಪ್ರದರ್ಶನಕ್ಕೆ ಬಂದವರಲ್ಲಿ ಬಹಳ ಮಂದಿ ಆ ಬರಿದಾದ ಎಡೆಯನ್ನು ತೋರಿಸಿ, ಬಣ್ಣ ಮುಗಿದುಹೋಯಿತೇ ಎಂದು ಕೇಳಿದರು. ಕೇಳಿದವರಿಗೆಲ್ಲ ಉತ್ತರಿಸುವ ಕೆಲಸವನ್ನು ಪಾಲಮ್ಮಿನ ಚಿತ್ರವನ್ನು ತಂದಿದ್ದ ವಿದ್ಯಾರ್ಥಿಗೇ ಒಪ್ಪಿಸಿದ್ದೆವು. ಕೊರೆಸಿಟ್ಟಿದ್ದ ಅಂಕಿಗಳ ತಗಡನ್ನು ಚಿತ್ರಗಾರರು ಹಿಂದಕ್ಕೆ ಪಡೆದು ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಾರೆ. ಲಾರಿಯೊಂದಕ್ಕೆ ಉಪಯೋಗಕ್ಕೆ ಬಂದೀತೆಂದು ಹೇಳಿದರು.